ಹಿಂಡಿದ ಕಿವಿ

ಮೂವತ್ತು ವರ್ಷ ಪಾಠ ಹೇಳಿದ ಕೈಗೆ ಮಕ್ಕಳ ಕಿವಿ ತಾನಾಗಿಯೇ ಸಿಗುತ್ತದೆ. "ಹೇಳಿದ್ದು ಕಿವಿಗೆ ಹೋಗಲ್ವೇನೋ?" ಎನ್ನುತ್ತಾ ಎಷ್ಟು ಕಿವಿ ಹಿಂಡಿದ್ದೇನೋ, ಲೆಕ್ಕವಿಟ್ಟಿಲ್ಲ. ತಂದೆತಾಯಿಯರೇ ಬಂದು "ಇನ್ನೂ ನಾಲ್ಕು ಬಿಗೀರಿ ಮಿಸ್" ಎಂದು ಹೇಳಿ ಹೋಗುತ್ತಿದ್ದ ಕಾಲ ಅದು. ಹೇಳಿದ್ದು ನಿಜವಾಗಿಯೂ ಕಿವಿಗೆ ಹೋಗುತ್ತಿತ್ತೇ ಎಂದು ನಾನು ಮೊದಲ ಸಲ ಯೋಚಿಸಿದ್ದು 2023ರ ದಸರಾ ರಜೆಯಲ್ಲಿ, ಮೈಸೂರಿನಲ್ಲಿರುವ ಮಗಳ ಮನೆಯಲ್ಲಿ.

ಮೊಮ್ಮಗನಿಗೆ ಆಗ ಆರು ವರ್ಷ, ಒಂದನೇ ತರಗತಿ. ಟಿವಿಯ ಸದ್ದು ಬೀದಿಗೆ ಕೇಳುವಂತೆ ಇಟ್ಟುಕೊಂಡು ಅದರ ಮುಂದೆಯೇ ಕೂರುತ್ತಿದ್ದ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಒಂದೊಂದು ದಿನ ಚೆನ್ನಾಗಿ ಕೇಳಿಸುತ್ತಿತ್ತು, ಮರುದಿನ ಇಲ್ಲ. "ನೋಡಮ್ಮ, ಚಾಕೊಲೇಟ್ ಅಂದ್ರೆ ಕೇಳುತ್ತೆ, ಹೋಂವರ್ಕ್ ಅಂದ್ರೆ ಕೇಳಲ್ಲ. ಬರೀ ನಾಟಕ," ಎಂದಳು ಮಗಳು. ಅವಳ ಕೈ ಅವನ ಕಿವಿಯ ಕಡೆಗೆ ಹೋಗುತ್ತಿತ್ತು. ಯಾರಿಂದ ಕಲಿತಳು, ನೀವೇ ಊಹಿಸಿ.

ನಾನು ಅವನ ಪುಸ್ತಕ ತೆಗೆದು ನೋಡಿದೆ. ಬೋರ್ಡು ನೋಡಿ ಬರೆದದ್ದೆಲ್ಲ ಮುತ್ತು ಪೋಣಿಸಿದ ಹಾಗಿತ್ತು. ಉಕ್ತಲೇಖನದಲ್ಲಿ ಮಾತ್ರ 'ಸರ' 'ಅರ'ವಾಗಿತ್ತು, 'ತಲೆ' 'ಕಲೆ'ಯಾಗಿತ್ತು. ದಡ್ಡನಾದರೆ ಎರಡು ಕಡೆಯೂ ತಪ್ಪಬೇಕಲ್ಲ? ಇಂಥದೇ ಪುಸ್ತಕವನ್ನು ಹಿಂದೆಂದೋ ಕಂಡ ನೆನಪಾಗಿ ಎದೆ ಧಸಕ್ಕೆಂದಿತು.

ಮೊದಲು ನನ್ನ ವೈದ್ಯವೇ ನಡೆಯಿತು. ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಬಿಸಿ ಮಾಡಿ ಎರಡು ದಿನ ಕಿವಿಗೆ ಬಿಟ್ಟೆ. ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಬೈಸಿಕೊಂಡೆ. ಕಿವಿಯ ತಮಟೆ ತೂತಾಗಿದ್ದರೆ ಎಣ್ಣೆ ಅಪಾಯ. ತೂತಿಲ್ಲದಿದ್ದರೆ ಅದು ತಮಟೆ ದಾಟಿ ಹೋಗುವುದೇ ಇಲ್ಲ. ತೊಂದರೆ ಇದ್ದದ್ದು ತಮಟೆಯ ಆಚೆಗೆ.

ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯಿದೆಯಂತೆ. ಅಲ್ಲಿಂದ ಮೂಗಿನ ಹಿಂಬದಿಗೆ ಒಂದು ಸಣ್ಣ ಕೊಳವೆ. ನಾವು ಉಗುಳು ನುಂಗಿದಾಗ ಅದು ತೆರೆದು ಗಾಳಿ ಆಡುತ್ತದೆ. ಮಕ್ಕಳಲ್ಲಿ ಈ ಕೊಳವೆ ಕಿರಿದು, ಹೆಚ್ಚು ಅಡ್ಡಡ್ಡ. ನೆಗಡಿಯಾಗಿ ಅದು ಕಟ್ಟಿಕೊಂಡರೆ ಕೋಣೆಯಲ್ಲಿ ನೀರು ಸೇರಿ ಬರುಬರುತ್ತಾ ಅಂಟಿನಂತೆ ಗಟ್ಟಿಯಾಗುತ್ತದೆ. 'ಗ್ಲೂ ಇಯರ್' ಎನ್ನುವುದು ಅದಕ್ಕೇ. ಕಿವಿ ಸೋರುವುದಿಲ್ಲ, ಹೆಚ್ಚಿನ ಮಕ್ಕಳಿಗೆ ನೋವೂ ಇರುವುದಿಲ್ಲ. ಹಾಗಾಗಿ ಮನೆಯವರಿಗೆ ತಿಳಿಯುವುದೇ ಇಲ್ಲ. ಕಿವಿಯಲ್ಲಿ ಬೆರಳಿಟ್ಟುಕೊಂಡು ಪಾಠ ಕೇಳಿದ ಹಾಗೆ ಮಗುವಿನ ದಿನ ಕಳೆಯುತ್ತದೆ.

ಪರೀಕ್ಷೆಯೂ ಸುಲಭ. ಕಿವಿಗೆ ಮೆತ್ತನೆಯ ತುದಿಯೊಂದನ್ನು ಇಟ್ಟರೆ ಯಂತ್ರ ಒಂದು ಗೆರೆ ಬರೆಯುತ್ತದೆ. ಆರೋಗ್ಯದ ಕಿವಿಯಾದರೆ ಬೆಟ್ಟದಂಥ ಗೆರೆ, ಒಳಗೆ ನೀರಿದ್ದರೆ ಚಪ್ಪಟೆ ಗೆರೆ. ನಮ್ಮ ಹುಡುಗನ ಎರಡು ಕಿವಿಯದೂ ಚಪ್ಪಟೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಅಂಥ ಊರಿನಲ್ಲಿದ್ದೂ ನಾವು ಎಣ್ಣೆ ಬಿಸಿ ಮಾಡುತ್ತಾ ಕೂತಿದ್ದೆವಲ್ಲ!

"ಆಪರೇಷನ್ ಆಗ್ಬೇಕಾ ಡಾಕ್ಟ್ರೇ?" ಮಗಳ ಗಂಟಲು ಕಟ್ಟಿತ್ತು.

"ಈಗ್ಲೇ ಬೇಡಮ್ಮ. ತುಂಬ ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತೆ. 3 ತಿಂಗಳು ನೋಡೋಣ. ಇದಕ್ಕೆ ಆಂಟಿಬಯಾಟಿಕ್, ನೆಗಡಿ ಸಿರಪ್ ಯಾವುದೂ ಬೇಕಿಲ್ಲ," ಎಂದರು.

3 ತಿಂಗಳು! ಅಕ್ಷರ ಕಲಿಯುವ ಮಗು ಅಲ್ಲಿಯವರೆಗೆ ಏನು ಮಾಡಬೇಕು? ಕಾಯುವುದೆಂದರೆ ಸುಮ್ಮನಿರುವುದಲ್ಲ ಎಂದು ಅವರೇ ಬಿಡಿಸಿ ಹೇಳಿದರು. ಅಡಿಗೆಮನೆಯಿಂದ ಕೂಗುವುದನ್ನು ನಿಲ್ಲಿಸಿದೆವು. ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಅವನು ಮುಖ ನೋಡಿದ ಮೇಲೆ ಮಾತು. ಮಾತಾಡುವಾಗ ಟಿವಿ, ಮಿಕ್ಸಿ ಬಂದ್. ಕಿರುಚುವುದು ಬೇಡ, ಬಿಡಿಬಿಡಿಯಾಗಿ ಹೇಳಿದರೆ ಸಾಕು. ಅಳಿಯಂದಿರು ಶಾಲೆಗೆ ಹೋಗಿ ಅವನನ್ನು ಮೊದಲ ಬೆಂಚಿಗೆ ಹಾಕಿಸಿದರು. ಮೂಗಿನಿಂದ ಊದುವ ಒಂದು ಬಲೂನನ್ನೂ ಕೊಟ್ಟಿದ್ದರು. ಒಂದು ಹೊಳ್ಳೆ ಮುಚ್ಚಿ ಇನ್ನೊಂದರಿಂದ ಊದಬೇಕು, ದಿನಕ್ಕೆ 3 ಸಲ. ಆ ಒತ್ತಡಕ್ಕೆ ಕೊಳವೆ ತೆರೆದುಕೊಳ್ಳುತ್ತದೆ. ಇದು ಅದಕ್ಕೆಂದೇ ಮಾಡಿದ ಬಲೂನು, ಜಾತ್ರೆಯದಲ್ಲ. ಮೊದಲ ವಾರ ಬಲೂನಿಗಿಂತ ಸಿಂಬಳವೇ ಹೆಚ್ಚು ಬಂತು. ನಕ್ಕು ನಕ್ಕು ಸಾಕಾಯಿತು.

3 ತಿಂಗಳಿಗೆ ಒಂದು ಕಿವಿಯ ಗೆರೆ ಸ್ವಲ್ಪ ಎದ್ದಿತು, ಇನ್ನೊಂದು ಹಾಗೆಯೇ. ಆಗ ತಲೆಗೆ ಕಟ್ಟುವ ಮೆತ್ತನೆಯ ಪಟ್ಟಿಯೊಂದನ್ನು ಕೊಟ್ಟರು. ಅದರಲ್ಲಿರುವ ಪುಟ್ಟ ಯಂತ್ರ ಕಿವಿಯ ಹಿಂದಿನ ಮೂಳೆಯ ಮೂಲಕ ಸದ್ದನ್ನು ನಡುಗಿಸಿ, ನೀರು ನಿಂತ ಕೋಣೆಯನ್ನು ಬಳಸಿಕೊಂಡು ನೇರ ಒಳಗಿವಿಗೆ ಮುಟ್ಟಿಸುತ್ತದೆ. ಮಗಳಿಗೆ ಮುಜುಗರ, "ಜನ ಏನಂತಾರಮ್ಮ?" ಎಂದಳು. ಹುಡುಗನಿಗೆ ಅಂಥದ್ದೇನಿಲ್ಲ. ಕಟ್ಟಿದ ದಿನ ಫೋನಿನಲ್ಲಿ, "ಅಜ್ಜಿ, ನಮ್ಮನೆ ಫ್ಯಾನು ಸದ್ದು ಮಾಡುತ್ತೆ!" ಎಂದು ಕೂಗಿದ. ಬೇಸಿಗೆ ರಜೆಯ ಹೊತ್ತಿಗೆ ಎರಡೂ ಕಿವಿ ಬೆಟ್ಟ ಬರೆದವು. ಬರೆಯದಿದ್ದರೆ ಚಿಕ್ಕ ನಳಿಕೆ ಇಡುವ ಆಪರೇಷನ್ನು ಇದ್ದೇ ಇತ್ತು, ಅದಕ್ಕೂ ಹೆದರಬೇಕಾದ್ದಿಲ್ಲ.

ನೆನಪಾದ ಆ ಪುಸ್ತಕದ ಮಾತು ಉಳಿಯಿತು. 1996ರಲ್ಲಿ, ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಶಾಲೆಯ ಎರಡನೇ ತರಗತಿಯ ಹುಡುಗನೊಬ್ಬನದು ಅದು. ನೋಡಿ ಬರೆದದ್ದು ಸರಿ, ಕೇಳಿ ಬರೆದದ್ದು ತಪ್ಪು. ಸದಾ ಸುರಿಯುವ ಮೂಗು. ನಾನು ಅವನ ಕಿವಿ ಹಿಂಡಿದೆ. ಸಾಲದೆಂದು ಕೊನೆಯ ಬೆಂಚಿಗೆ ಕಳಿಸಿದೆ. ಅಲ್ಲಿಗೆ ಅವನಿಗೆ ನನ್ನ ದನಿ ಇನ್ನಷ್ಟು ದೂರವಾಯಿತು. ಪಾಪ, ಬಾಯಿ ಪಿಟ್ಟೆನ್ನದೆ ನನ್ನ ಮುಖವನ್ನೇ ನೋಡುತ್ತಿದ್ದ. ದಿಟ್ಟಿಸುತ್ತಾನೆಂದು ಅದಕ್ಕೂ ಬೈದಿದ್ದೆ. ತುಟಿ ನೋಡುತ್ತಿದ್ದನೇನೋ! ನಾಲ್ಕನೇ ತರಗತಿಯ ನಂತರ ಅವರು ಊರು ಬಿಟ್ಟರು. ಅವನಿಗೂ ಇದೇ ಇತ್ತೆಂದು ಹೇಗೆ ಹೇಳಲಿ? ಪರೀಕ್ಷೆ ಮಾಡಿಸಲಿಲ್ಲವಲ್ಲ. ಇದೇ ಆಗಿದ್ದರೆ ಕಿವಿಯ ನೀರು ಎಂದೋ ಆರಿರುತ್ತದೆ. ದಡ್ಡನೆಂದು ನಾನು ಕೊಟ್ಟ ಹೆಸರು ಆರಿತೋ ಇಲ್ಲವೋ.

ಈಗ ನನ್ನ ತರಗತಿಯಲ್ಲಿ ಮಳೆಗಾಲದ ನೆಗಡಿ ಮುಗಿದ ಮೇಲೆ ಒಬ್ಬೊಬ್ಬರನ್ನೇ ಹಿಂದಿನಿಂದ ಮೆಲ್ಲಗೆ ಕರೆದು ನೋಡುತ್ತೇನೆ. ತಿರುಗದವರನ್ನು ಮುಂದಿನ ಬೆಂಚಿಗೆ ಕೂರಿಸಿ, ಮನೆಯವರನ್ನು ಕರೆಸಿ ಕಿವಿಯ ಡಾಕ್ಟರಿಗೆ ತೋರಿಸಲು ಹೇಳುತ್ತೇನೆ. ಅಮ್ಮಂದಿರೇ, ಮಗು ಮಾತು ಕೇಳುತ್ತಿಲ್ಲ ಎನ್ನಿಸಿದಾಗ, ಅದಕ್ಕೆ ಮಾತು ಕೇಳಿಸುತ್ತಿದೆಯೇ ಎಂದು ಒಂದು ಸಲ ನೋಡಿ. ಕಿವಿ ಹಿಂಡುವ ಕೈಯನ್ನು ಅಲ್ಲಿಯವರೆಗೆ ಸೆರಗಿನಲ್ಲಿ ಸುತ್ತಿಟ್ಟುಕೊಳ್ಳಿ. ನನಗೆ ಇದನ್ನು ಹೇಳುವವರು ಇರಲಿಲ್ಲ. ಇದ್ದಿದ್ದರೆ ಕೇಳಿಸಿಕೊಳ್ಳುತ್ತಿದ್ದೆನೋ ಏನೋ.