ಬರ್ಲಿನ್ ಹೋಗಿ ಕಿಚನರ್ ಬಂತು

ಕೆನಡಾದ ಟೊರಾಂಟೊದಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್ ಸಾಗಿದರೆ ಕಿಚನರ್ ನಗರ. ಊರ ನಡುವಿನ ವಿಕ್ಟೋರಿಯಾ ಪಾರ್ಕಿನಲ್ಲೊಂದು ಕೆರೆಯಿದೆ. ಸಂಜೆ ವಿಹಾರಕ್ಕೆ ಹೇಳಿಮಾಡಿಸಿದ ಜಾಗ. 1914ರ ಆಗಸ್ಟ್‌ನಲ್ಲಿ, ಮೊದಲ ಮಹಾಯುದ್ಧ ಆರಂಭವಾದ ಹೊಸತರಲ್ಲಿ, ಪಾರ್ಕಿನಲ್ಲಿದ್ದ ಜರ್ಮನ್ ಚಕ್ರವರ್ತಿ ಒಂದನೆಯ ವಿಲ್‌ಹೆಲ್ಮನ ಕಂಚಿನ ಪ್ರತಿಮೆಯನ್ನು ಕಿತ್ತು ಈ ಕೆರೆಗೆ ಎಸೆಯಲಾಯಿತು. ಆಗ ಊರಿನ ಹೆಸರು ಬರ್ಲಿನ್!

1833ರಿಂದಲೂ ಅದೇ ಹೆಸರು. ಪೆನ್ಸಿಲ್ವೇನಿಯಾದಿಂದ ಬಂದ ಮೆನೊನೈಟ್ ರೈತರು, ಅವರ ಹಿಂದೆಯೇ ಜರ್ಮನಿಯಿಂದ ಬಂದ ಕುಶಲಕರ್ಮಿಗಳು ಕಟ್ಟಿದ ಊರು ಅದು. ಪೀಠೋಪಕರಣ, ಚರ್ಮ, ಗುಂಡಿಗಳ ಕಾರ್ಖಾನೆಗಳಿಂದ ಬೆಳೆದು 1912ರಲ್ಲಿ ನಗರವೆನಿಸಿಕೊಂಡಿತು.

ಯುದ್ಧ ಬಂದದ್ದೇ ತಡ, ಹೆಸರೇ ಹೊರೆಯಾಯಿತು. ಶತ್ರುವಿನ ರಾಜಧಾನಿಯ ಹೆಸರು ಹೊತ್ತ ಸರಕನ್ನು ಯಾರು ಕೊಂಡಾರು ಎಂಬ ಚಿಂತೆ ವ್ಯಾಪಾರಿಗಳಿಗೆ. ಇಲ್ಲಿನವರ ನಿಷ್ಠೆಯ ಬಗ್ಗೆ ಹೊರಗಿನವರಿಗೆ ಅನುಮಾನ. ಕೆರೆಯಿಂದ ಎತ್ತಿದ ಪ್ರತಿಮೆಯನ್ನು ಜರ್ಮನ್ನರ ಕನ್‌ಕಾರ್ಡಿಯಾ ಕ್ಲಬ್‌ನಲ್ಲಿ ಇರಿಸಲಾಗಿತ್ತು. 1916ರ ಫೆಬ್ರುವರಿಯಲ್ಲಿ ಸೈನಿಕರು ಅಲ್ಲಿಗೆ ನುಗ್ಗಿ ದಾಂಧಲೆ ನಡೆಸಿ ಅದನ್ನು ಹೊತ್ತೊಯ್ದರು. ಅದು ಮತ್ತೆ ಸಿಗಲಿಲ್ಲ.

ಅದೇ ಮೇ ತಿಂಗಳಲ್ಲಿ ಜನಮತ ಕೇಳಲಾಯಿತು. ಹೆಸರು ಬದಲಿಸಲು 1,569 ಮತ, ಬೇಡವೆಂದು 1,488. ಅಂತರ ಬರೀ 81! ಹೊಸ ಹೆಸರು ಆರಿಸಲು ಜೂನ್‌ನಲ್ಲಿ ಮತ್ತೆ ಮತದಾನ. ಕೆನಡಾ ಎಂಬುದನ್ನು ಇಂಗ್ಲಿಷಿನಲ್ಲಿ ತಿರುಗುಮುರುಗು ಮಾಡಿದ 'ಅಡನಾಕ್' ಕೂಡ ಪಟ್ಟಿಯಲ್ಲಿತ್ತು. ಈ ಸಲ ಮತ ಹಾಕಿದವರು 892 ಮಂದಿ ಮಾತ್ರ. ಉಳಿದವರು ಮನೆಯಲ್ಲೇ ಉಳಿದರು. 346 ಮತ ಪಡೆದ 'ಕಿಚನರ್' ಗೆದ್ದಿತು.

ಈ ಲಾರ್ಡ್ ಕಿಚನರ್ ಭಾರತಕ್ಕೂ ಗೊತ್ತಿದ್ದವನೇ. 1902ರಿಂದ 1909ರವರೆಗೆ ಇಲ್ಲಿನ ಸೇನೆಯ ಮಹಾದಂಡನಾಯಕನಾಗಿದ್ದ. ಬಳಿಕ ಬ್ರಿಟನ್ನಿನ ಯುದ್ಧಮಂತ್ರಿಯಾದ. ಅವನಿದ್ದ ಹಡಗು 1916ರ ಜೂನ್ 5ರಂದು ಜರ್ಮನ್ನರ ಸಿಡಿಗುಂಡಿಗೆ ಸಿಕ್ಕಿ ಮುಳುಗಿತ್ತು. ಆ ಸಾವಿನ ಬಿಸಿ ಆರುವ ಮೊದಲೇ ಅವನ ಹೆಸರು ಊರಿಗೆ ಅಂಟಿತು. ಸೆಪ್ಟೆಂಬರ್ 1ರಿಂದ ಅದು ಅಧಿಕೃತವೂ ಆಯಿತು.

ಬರ್ಲಿನ್ ಎಂಬ ಹೆಸರು ಮರಳಿ ಬರಲಿಲ್ಲ. ಆದರೆ ಕನ್‌ಕಾರ್ಡಿಯಾ ಕ್ಲಬ್ ಮರಳಿ ತಲೆಯೆತ್ತಿತು. 1969ರಿಂದ ಅಕ್ಟೋಬರ್ ಬಂತೆಂದರೆ ಇಲ್ಲಿ 'ಅಕ್ಟೋಬರ್‌ಫೆಸ್ಟ್' ಸಡಗರ. ಜರ್ಮನ್ ವಾದ್ಯ, ಜರ್ಮನ್ ಊಟ, ಬಿಯರ್. ಒಂದು ಕಾಲಕ್ಕೆ ಅಡಗಿಸಿಡಬೇಕಾಗಿದ್ದ ಜರ್ಮನ್‌ತನವನ್ನು ನೋಡಲೆಂದೇ ಈಗ ದೂರದೂರಿನವರು ಕಿಚನರ್‌ಗೆ ಬರುತ್ತಾರೆ.