ಕೆಂಪು ಗೋಡೆಯ ನೀಲಿ ಸಭಾಂಗಣ

ಸ್ಟಾಕ್‌ಹೋಮ್ ಹದಿನಾಲ್ಕು ದ್ವೀಪಗಳ ಮೇಲೆ ಹರಡಿಕೊಂಡ ಊರು. ಎತ್ತ ಹೊರಟರೂ ಒಂದು ಸೇತುವೆ, ಅದರಡಿ ತಣ್ಣನೆಯ ನೀರು. 1901ರಿಂದ ನೊಬೆಲ್ ಬಹುಮಾನ ನೀಡುತ್ತಿರುವುದು ಇಲ್ಲಿಯೇ. ಶಾಂತಿ ಬಹುಮಾನವೊಂದು ಮಾತ್ರ ಓಸ್ಲೋದ ಪಾಲು.

ಆಲ್ಫ್ರೆಡ್ ನೊಬೆಲ್ ತೀರಿಕೊಂಡ ದಿನವಾದ ಡಿಸೆಂಬರ್ 10ರಂದು ಇಲ್ಲಿನ ಸಂಗೀತ ಭವನದಲ್ಲಿ ಸ್ವೀಡನ್ನಿನ ದೊರೆ ಪದಕ ಪ್ರದಾನ ಮಾಡುತ್ತಾರೆ. ಉಳಿದ ದಿನಗಳಲ್ಲಿ ಅದರ ಮುಂದಿನ ಚೌಕದಲ್ಲಿ ಹೂವು, ಹಣ್ಣು, ತರಕಾರಿಗಳ ಮಾರಾಟ. 1930ರಲ್ಲಿ ನಮ್ಮ ಸಿ.ವಿ. ರಾಮನ್, 1983ರಲ್ಲಿ ಅವರ ಅಣ್ಣನ ಮಗ ಚಂದ್ರಶೇಖರ್ ಭೌತವಿಜ್ಞಾನದ ಬಹುಮಾನ ಪಡೆದರು.

ರಾತ್ರಿಯ ಔತಣ ಪುರಭವನದ 'ನೀಲಿ ಸಭಾಂಗಣ'ದಲ್ಲಿ. ಒಳಹೊಕ್ಕು ನೋಡಿದರೆ ಗೋಡೆಗಳೆಲ್ಲ ಕೆಂಪು ಇಟ್ಟಿಗೆ! ನೀಲಿ ಬಣ್ಣ ಬಳಿಯಬೇಕೆಂದಿದ್ದ ವಾಸ್ತುಶಿಲ್ಪಿಗೆ ಇಟ್ಟಿಗೆಯ ಚೆಲುವೇ ಹಿಡಿಸಿ ಹಾಗೆಯೇ ಬಿಟ್ಟರಂತೆ. ಹೆಸರು ಮಾತ್ರ ಉಳಿಯಿತು.

ಹಳೆಯ ಪಟ್ಟಣದಲ್ಲಿ ನೊಬೆಲ್ ಸಂಗ್ರಹಾಲಯವಿದೆ. ಅಲ್ಲಿನ ಕಾಫಿ ಅಂಗಡಿಯ ಕುರ್ಚಿಗಳನ್ನು ಮಗುಚಿ ನೋಡಬೇಕು. ಅಡಿಯಲ್ಲಿ ಬಹುಮಾನಿತರ ಸಹಿಗಳಿವೆ. ಮಕ್ಕಳು ಡೆಸ್ಕಿನ ಮೇಲೆ ಹೆಸರು ಕೊರೆದರೆ ಗದರುವ ಮೇಷ್ಟರಾದ ನಮಗೆ ಇದೊಂದು ಮೋಜು. ಆದರೆ ಅಲ್ಲಿ ಸಹಿ ಇಲ್ಲದವರೂ ನೆನಪಾಗುತ್ತಾರೆ. ಸಂಗ್ರಹಾಲಯ ತೆರೆದ 2001ರಲ್ಲೇ, ಬೋಸ್-ಐನ್‌ಸ್ಟೈನ್ ಸಾಂದ್ರ ಸ್ಥಿತಿಯನ್ನು ಪ್ರಯೋಗಾಲಯದಲ್ಲಿ ಸಾಧಿಸಿದ ಮೂವರಿಗೆ ಬಹುಮಾನ ಬಂತು. 1974ರಲ್ಲಿ ತೀರಿಕೊಂಡ ಸತ್ಯೇಂದ್ರನಾಥ ಬೋಸರಿಗೆ ಅದು ಬರಲೇ ಇಲ್ಲ.

ಇಷ್ಟು ನೋಡಿಕೊಂಡು ಹಿಂದಿರುಗುವವರೇ ಹೆಚ್ಚು. ಸೋಡರ್ಮಾಲ್ಮ್ ದ್ವೀಪದ ಪಶ್ಚಿಮದಂಚಿನ ಹೆಲೆನೆಬೋರ್ಗ್‌ಗೆ ಹೋಗುವವರು ಕಡಿಮೆ. ಈಗ ಅದು ಸದ್ದಿಲ್ಲದ ನೀರಿನ ದಂಡೆ. 1864ರ ಸೆಪ್ಟೆಂಬರ್ 3ರಂದು ಅಲ್ಲಿದ್ದ ನೊಬೆಲರ ನೈಟ್ರೊಗ್ಲಿಸರಿನ್ ಕಾರ್ಖಾನೆ ಸ್ಫೋಟಿಸಿತು. ಸತ್ತವರಲ್ಲಿ ಆಲ್ಫ್ರೆಡ್‌ನ 20 ವರ್ಷದ ತಮ್ಮ ಎಮಿಲ್ ಕೂಡ ಒಬ್ಬ. ನಗರದೊಳಗೆ ಇಂಥ ಪ್ರಯೋಗ ಬೇಡವೆಂದು ಆಡಳಿತ ತಡೆಯಿತು. ಆಲ್ಫ್ರೆಡ್ ಮೇಲಾರೆನ್ ಸರೋವರದಲ್ಲಿ ತೇಲುವ ದೋಣಿಯ ಮೇಲೆ ಕೆಲಸ ಮುಂದುವರಿಸಿದ. ಕೊನೆಗೆ, ಸೂಕ್ಷ್ಮ ಪಾಚಿಗಳ ಚಿಪ್ಪುಗಳಿಂದಾದ ಒಂದು ಬಗೆಯ ಮಣ್ಣಿಗೆ ಆ ದ್ರವವನ್ನು ಹೀರಿಸಿದರೆ ಅದನ್ನು ಸುರಕ್ಷಿತವಾಗಿ ಸಾಗಿಸಬಹುದೆಂದು ಕಂಡುಕೊಂಡ. 1867ರಲ್ಲಿ ಪೇಟೆಂಟ್ ಪಡೆದ ಡೈನಮೈಟ್ ಅದೇ. ಸುರಂಗ ಕೊರೆಯಲೂ ಅದೇ, ಕೊಲ್ಲಲೂ ಅದೇ. ಅವನ ಸಂಪತ್ತು ಬೆಳೆದದ್ದು ಸ್ಫೋಟಕಗಳಿಂದ. 1895ರ ಉಯಿಲಿನಲ್ಲಿ ಅದರ ಬಹುಪಾಲನ್ನು ಬಹುಮಾನಗಳಿಗೆಂದು ಬರೆದಿಟ್ಟ.

ಸ್ಟಾಕ್‌ಹೋಮಿಗೆ ಹೋದರೆ ಪುರಭವನವನ್ನು ಖಂಡಿತ ನೋಡಿ. ಬಿಡುವಿದ್ದರೆ ಆ ದಂಡೆಯಲ್ಲೂ ಹತ್ತು ನಿಮಿಷ ನಿಂತು ಬನ್ನಿ. ಪದಕದ ಚಿನ್ನ ಎಲ್ಲಿಂದ ಬಂತೆಂಬುದು ಅಲ್ಲಿ ತಿಳಿಯುತ್ತದೆ.