ಸೋಯಾ ರಾಶಿ ಮತ್ತು ಚಾಲಕನಿಲ್ಲದ ಕಾರು

2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಆರ್‌ವಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸ್ವಾಮೀಜಿಯೊಬ್ಬರನ್ನು ಕೂರಿಸಿಕೊಂಡು ಚಾಲಕನಿಲ್ಲದ ಕಾರು ಓಡಾಡಿದ ವಿಡಿಯೋ ನೀವೂ ನೋಡಿರ್ತೀರಿ. ವಿಪ್ರೋ, ಐಐಎಸ್‌ಸಿ ಮತ್ತು ಆ ಕಾಲೇಜು ಸೇರಿ ಮಾಡಿದ ಕಾರು. ಅವತ್ತಿನಿಂದ ನನಗೆ ಒಂದೇ ಯೋಚನೆ... ಇದು ಬಸವಕಲ್ಯಾಣದಿಂದ ನಮ್ಮ ನಾರಾಯಣಪುರದ ಕಡೆ ಬಂದ್ರೆ? ಅದೂ ಸೋಯಾ ರಾಶಿ ಟೈಮಲ್ಲಿ!

ನಮ್ಮ ಕಡೆ ನೋಡದವರಿಗೆ ಹೇಳಬೇಕು. ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಈಗ ಕಣ ಮಾಡೋರು ಕಮ್ಮಿ, ಡಾಂಬರು ರಸ್ತೆಯೇ ಕಣ. ಅರ್ಧ ರಸ್ತೆಗೆ ಕಾಳು ಹರವಿ, ಗಾಡಿ ಹತ್ತದಿರಲಿ ಅಂತ ಅಂಚಿಗೆ ಕಲ್ಲಿಟ್ಟಿರ್ತಾರೆ. ಒಂದು ಮನೆಯ ಇಡೀ ವರ್ಷದ ಗಳಿಕೆ ಅದು. ರಾತ್ರಿ ಬೈಕಿನವರು ಅದೇ ಕಾಳಿನ ಮೇಲೆ ಜಾರಿ ಬೀಳೋದೂ ಅಷ್ಟೇ ನಿಜ.

ಇಂಥ ಸಂಶೋಧನೆಯನ್ನ ಆಟಿಕೆಯಂಥ ಪುಟ್ಟ ಕಾರಲ್ಲೂ ಮಾಡ್ತಾರೆ. 2016ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಎಫ್1ಟೆಂತ್ ಕಾರು ನಿಜವಾದ ಕಾರಿನ ಹತ್ತನೇ ಒಂದು ಭಾಗ. ಅದರ ಮುಖ್ಯ ಕಣ್ಣು ಲೈಡಾರ್. ಲೇಸರ್ ಬೆಳಕನ್ನು ಸುತ್ತ ಬೀಸಿ ಗೋಡೆ ಎಷ್ಟು ದೂರ ಅಂತ ಅಳೆಯುತ್ತೆ. ಆದರೆ ಅಳೆಯೋದು ಒಂದೇ ಎತ್ತರದಲ್ಲಿ! ನೆಲದಿಂದ ಒಂದು ಗೇಣು ಮೇಲಿದ್ರೆ, ಎರಡು ಬೆರಳು ದಪ್ಪ ಹರವಿದ ಸೋಯಾ ಅದರ ಪಾಲಿಗೆ ಇಲ್ಲವೇ ಇಲ್ಲ. ರಸ್ತೆ ಖಾಲಿ ಅಂತ ಸೀದಾ ಕಾಳಿನ ಮೇಲೆ ನುಗ್ಗುತ್ತೆ.

ನುಗ್ಗಿದ ಮೇಲೆ ಇನ್ನೊಂದು ಫಜೀತಿ. ಚಕ್ರ ಎಷ್ಟು ಸುತ್ತು ತಿರುಗಿತು ಅನ್ನೋದನ್ನ ಎಣಿಸಿ ಕಾರು ತಾನೆಲ್ಲಿದ್ದೀನಿ ಅಂತ ಲೆಕ್ಕ ಹಾಕುತ್ತೆ. ಕಾಳಿನ ಮೇಲೆ ಚಕ್ರ ಜಾರಿ ಸುಮ್ನೆ ತಿರುಗಿದ್ರೂ ಮುಂದೆ ಹೋದೆ ಅಂದುಕೊಳ್ಳುತ್ತೆ. ಕಾಲೇಜಿನ ಕಾರಿಡಾರಲ್ಲಾದ್ರೆ ಲೈಡಾರ್ ಗೋಡೆ ನೋಡಿ ತಪ್ಪು ತಿದ್ದುತ್ತೆ. ಇಲ್ಲಿ ಎರಡೂ ಕಡೆ ಬಯಲು, ಯಾವ ಗೋಡೆ? ಸಾಮಾನ್ಯ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತೆ, ನಮ್ಮ ಹಳ್ಳಿ ರಸ್ತೆಯ ಅಗಲವೇ ಅಷ್ಟು :)

ಉಳಿದಿದ್ದು ಕ್ಯಾಮೆರಾ. ಅದಕ್ಕೆ ಕಾಳು ಕಾಣುತ್ತೆ, ಆದರೆ ಇದು ಏನು ಅಂತ ಯಾರಾದ್ರೂ ಕಲಿಸಿರಬೇಕಲ್ಲ? ಹೈದರಾಬಾದಿನ ಐಐಐಟಿ ಮತ್ತು ಇಂಟೆಲ್‌ನವರು 2018ರಲ್ಲಿ ಹೈದರಾಬಾದ್, ಬೆಂಗಳೂರು ಸುತ್ತಮುತ್ತಲ ರಸ್ತೆಗಳ 10,000 ಚಿತ್ರಗಳಿಗೆ ಗುರುತು ಹಚ್ಚಿ ಹೊರತಂದರು. ಆಟೋ, ದನಕರು ಎಲ್ಲ ಇವೆ. ನನಗೆ ಬಹಳ ಹಿಡಿಸಿದ್ದು, ರಸ್ತೆ ಅಲ್ಲದಿದ್ರೂ ಗಾಡಿ ಇಳಿಸಬಹುದಾದ ಜಾಗಕ್ಕೆ ಬೇರೆಯೇ ಗುರುತು ಇಟ್ಟಿರೋದು. ನಮ್ಮ ಟಂಟಂ ಡ್ರೈವರ್‌ಗಳು ದಿನಾ ಮಾಡೋದು ಅದನ್ನೇ ತಾನೆ?

ಆದರೆ ಸೋಯಾ ಹರವಿದ ಜಾಗ ಇದರ ತಿರುವುಮುರುವು. ರಸ್ತೆ ಹೌದು, ಗಾಡಿ ಹೋಗುತ್ತೆ, ಆದ್ರೂ ಹೋಗಬಾರದು. ಇದಕ್ಕೆ ಏನಂತ ಗುರುತು ಹಚ್ತೀರಿ? ಕಾಲೇಜಲ್ಲಿ ಪುಟ್ಟ ಕಾರು ಕಟ್ತಿರೋರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ತಾಡಪತ್ರಿ ಹಾಸಿ ಪರೀಕ್ಷೆ ಮಾಡಿ ನೋಡಿ. ಒಂದು ಬುಟ್ಟಿ ಸೋಯಾ ನಾನು ಕೊಡ್ತೀನಿ, ವಾಪಸ್ ಕೊಡಬೇಕು ಮತ್ತೆ!